ಕೌಂಟಿಯಲ್ಲಿ ಹಿಂಸಾ ಅಪರಾಧ ಶೇ 25 ಏರಿದೆಯಂತೆ: ಈ ಅಂಕಿಯನ್ನು ಎಷ್ಟು ನಂಬಬೇಕು, ದುಡ್ಡು ಎಲ್ಲಿ ಹಾಕಬೇಕು?

(ಒಂದು ಪ್ರಶ್ನೆ, ಅದಕ್ಕೆ ನಾಲ್ವರ ಉತ್ತರ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ತಕ್ಕಡಿ (ಪ್ರಶ್ನೆ)

ಅಮೆರಿಕದ ಮಧ್ಯಮ ಗಾತ್ರದ ಒಂದು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಎಂದಿಟ್ಟುಕೊಳ್ಳಿ. ಜನಸಂಖ್ಯೆ 2,40,000. ಹೆಸರು ಬೇಡ. ಚರ್ಚೆಗೆ ಅನುಕೂಲವಾಗಲೆಂದು ಕೆಳಗಿನ ಸಂಖ್ಯೆಗಳನ್ನು ಮಾದರಿಯಾಗಿ ಹಾಕಿದ್ದೇನೆ, ಯಾವುದೇ ನಿಜವಾದ ಕೌಂಟಿಯ ಲೆಕ್ಕವಲ್ಲ.

ಹಿಂದಿನ ವರ್ಷ: ಕೊಲೆ 12, ಅತ್ಯಾಚಾರ 95, ಸುಲಿಗೆ 210, ತೀವ್ರ ಹಲ್ಲೆ (ಆಯುಧ ಬಳಸಿದ ಅಥವಾ ಗಂಭೀರ ಗಾಯ ಮಾಡುವಂಥ ಹಲ್ಲೆ) 640. ಒಟ್ಟು 957.
ಈ ವರ್ಷ: ಕೊಲೆ 18, ಅತ್ಯಾಚಾರ 101, ಸುಲಿಗೆ 168, ತೀವ್ರ ಹಲ್ಲೆ 905. ಒಟ್ಟು 1,192.

ಒಟ್ಟು ಏರಿಕೆ ಶೇ 25ಕ್ಕೆ ಹತ್ತಿರ. ಕೊಲೆಯೊಂದನ್ನೇ ತೆಗೆದುಕೊಂಡರೆ ಶೇ 50. ಕೌಂಟಿ ಮಂಡಳಿಯ ಮುಂದೆ ಇರುವುದು ಒಂದೇ ಪ್ರಸ್ತಾವ, ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿಗೆ ಹತ್ತು ಹೊಸ ಡೆಪ್ಯುಟಿ (ಶೆರಿಫರ ಕೆಳಗಿನ ಪೊಲೀಸ್ ಅಧಿಕಾರಿ) ಹುದ್ದೆ. ನನ್ನ ಪ್ರಶ್ನೆ ಎರಡು. ಈ ಏರಿಕೆ ನಿಜವೇ ಎಂದು ಪರೀಕ್ಷಿಸುವುದು ಹೇಗೆ? ನಿಜವಾದರೆ ಹತ್ತು ಹುದ್ದೆಗಿಂತ ಒಳ್ಳೆಯ ದಾರಿ ಇದೆಯೇ? ‘ಬಡತನ ಹೋಗಲಾಡಿಸಬೇಕು’, ‘ಕಠಿಣ ಶಿಕ್ಷೆ ಬೇಕು’ ಎಂಬಂಥ ಉತ್ತರ ಬೇಡ. ಕೌಂಟಿಯ ಕೈಯಲ್ಲಿ ಏನಿದೆಯೋ ಅಷ್ಟನ್ನು ಹೇಳಿ.

ಕೂಡುಕಳೆ

ಮೊದಲು ಆ ಶೇ 25ನ್ನು ಒಡೆಯಿರಿ. ಒಟ್ಟು ಏರಿದ್ದು 235. ತೀವ್ರ ಹಲ್ಲೆಯೊಂದೇ ಏರಿದ್ದು 265. ಅಂದರೆ ಹಲ್ಲೆ ಬಿಟ್ಟು ಉಳಿದ ಮೂರೂ ಸೇರಿದರೆ 317ರಿಂದ 287ಕ್ಕೆ ಇಳಿದಿದೆ. ‘ಹಿಂಸಾ ಅಪರಾಧ’ ಎಂಬ ಒಟ್ಟು ಮೊತ್ತ ಸಾಮಾನ್ಯವಾಗಿ ಹೀಗೆಯೇ: ಬಹುಪಾಲು ತೀವ್ರ ಹಲ್ಲೆಯೇ ಇರುತ್ತದೆ, ಬರೆದುಕೊಳ್ಳುವ ಪದ್ಧತಿ ಬದಲಾದರೆ ಮೊದಲು ಅಲುಗಾಡುವುದೂ ಅದೇ.

ಎರಡು ವರ್ಷದ ಎಣಿಕೆಗಳನ್ನು ಹೋಲಿಸಲು ಕೈಲೆಕ್ಕ ಒಂದಿದೆ. ವ್ಯತ್ಯಾಸವನ್ನು, ಎರಡೂ ವರ್ಷದ ಮೊತ್ತದ ವರ್ಗಮೂಲದಿಂದ ಭಾಗಿಸಿ. ಬಂದದ್ದು 2ಕ್ಕಿಂತ ಕಡಿಮೆಯಾದರೆ ಅದು ಆಕಸ್ಮಿಕ ಏರಿಳಿತವೂ ಇರಬಹುದು.

ಕೊಲೆ: 6 ಭಾಗಿಸು √30, ಅಂದರೆ 1.1. ಆ ಶೇ 50 ಏರಿಕೆಯನ್ನು ತಲೆಬರಹ ಮಾಡಬಹುದು, ಅದರ ಮೇಲೆ ನೀತಿ ಕಟ್ಟಲಾಗದು. ಹಾಗೆಂದು ಹದಿನೆಂಟು ಸಾವು ಚಿಕ್ಕದು ಅಂತಲ್ಲ. ಎರಡೇ ವರ್ಷ ನೋಡಿ ‘ಪ್ರವೃತ್ತಿ’ ಎನ್ನಲಾಗದು ಅಷ್ಟೇ. ಕನಿಷ್ಠ ಐದು ವರ್ಷದ ಸಾಲು ಹಾಕಿ.
ಸುಲಿಗೆ: 42 ಭಾಗಿಸು √378, 2.2. ಇಳಿಕೆ ಬಹುಶಃ ನಿಜ.
ತೀವ್ರ ಹಲ್ಲೆ: 265 ಭಾಗಿಸು √1545, 6.7. ಇದು ಆಕಸ್ಮಿಕವಂತೂ ಅಲ್ಲ. ಆದರೆ ಹಲ್ಲೆ ಹೆಚ್ಚಾಯಿತೋ ದಾಖಲಾತಿ ಬದಲಾಯಿತೋ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ.

ಅದಕ್ಕೆ ಘಟನಾವಾರು ಕಡತ ಬೇಕು. ಎಫ್‌ಬಿಐ 2021ರ ಜನವರಿ 1ರಿಂದ ಹಳೆಯ ಸಾರಾಂಶ ಪದ್ಧತಿ ಬಿಟ್ಟು, ಘಟನೆಗಳನ್ನು ಒಂದೊಂದಾಗಿ ದಾಖಲಿಸುವ ಎನ್‌ಐಬಿಆರ್‌ಎಸ್‌ಗೆ ಹೊರಳಿತು. ಹಳೆಯದರಲ್ಲಿ ಒಂದು ಘಟನೆಯಲ್ಲಿ ಏನೇನು ನಡೆದರೂ ಅತಿ ಗಂಭೀರವಾದ ಒಂದನ್ನೇ ಎಣಿಸುತ್ತಿದ್ದರು. ಹೊಸದರಲ್ಲಿ ಎಲ್ಲವೂ ಬರುತ್ತವೆ, ಆಯುಧ, ಸಂಬಂಧ, ಸ್ಥಳ, ಗಂಟೆ ಸಮೇತ. ಈ ಕಡತದಲ್ಲಿ ತೀವ್ರ ಹಲ್ಲೆಯ ಸಂಕೇತ 13ಎ, ಸಾಮಾನ್ಯ ಹಲ್ಲೆ 13ಬಿ. ಮಾಡಬೇಕಾದ ಪರೀಕ್ಷೆ ಸರಳ: ಎರಡನ್ನೂ ಕೂಡಿ. 13ಎ ಏರಿದಷ್ಟೇ 13ಬಿ ಇಳಿದಿದ್ದರೆ ಹಲ್ಲೆ ಹೆಚ್ಚಾಗಿಲ್ಲ, ಒಂದು ಖಾನೆಯಿಂದ ಇನ್ನೊಂದಕ್ಕೆ ಜರುಗಿದೆ. ಆಮೇಲೆ 13ಎಯನ್ನು ಆಯುಧದ ಪ್ರಕಾರ ಒಡೆಯಿರಿ. ಬಂದೂಕಿನ ಹಲ್ಲೆ ಎಷ್ಟು, ಬರಿಗೈ (ಸಂಕೇತ 40) ಎಷ್ಟು, ಉಸಿರುಗಟ್ಟಿಸುವಿಕೆ (ಸಂಕೇತ 85) ಎಷ್ಟು. ಕೊನೆಯದನ್ನು ಮರೆಯಬೇಡಿ. ಕತ್ತು ಹಿಸುಕುವುದನ್ನು ಹೆಚ್ಚಿನ ರಾಜ್ಯಗಳು ಗಂಭೀರ ಅಪರಾಧ ಮಾಡಿವೆ. ಒಂದು ತರಬೇತಿ ಮುಗಿದರೆ ಸಾಕು, ನಿನ್ನೆಯವರೆಗೆ ಸಾಮಾನ್ಯ ಹಲ್ಲೆಯಾಗಿದ್ದದ್ದು ಇವತ್ತು ತೀವ್ರ ಹಲ್ಲೆ.

ಇನ್ನು ಸಾಮಾನ್ಯವಾಗಿ ಎಡವುವ ಜಾಗಗಳು.

ಶೆರಿಫ್ ಕಚೇರಿಯ ಅಂಕಿ ಎಂದರೆ ಕೌಂಟಿಯ ಅಂಕಿಯಲ್ಲ. ಅದು ಬಹುಮಟ್ಟಿಗೆ ನಗರಸಭೆಗಳ ಹೊರಗಿನ ಪ್ರದೇಶದ್ದು. ಪಟ್ಟಣಗಳ ಪೊಲೀಸು, ವಿಶ್ವವಿದ್ಯಾಲಯದ ಪೊಲೀಸು, ರಾಜ್ಯ ಗಸ್ತು ಎಲ್ಲ ಬೇರೆ ಬೇರೆಯಾಗಿ ವರದಿ ಮಾಡುತ್ತವೆ. ಶೆರಿಫರ ಎಣಿಕೆಯನ್ನು ಇಡೀ ಕೌಂಟಿಯ ಜನಸಂಖ್ಯೆಯಿಂದ ಭಾಗಿಸಿ ‘ಲಕ್ಷಕ್ಕೆ ಇಷ್ಟು’ ಎಂದು ಬರೆದ ವರದಿಗಳು ಬೇಕಾದಷ್ಟಿವೆ. ಪ್ರತಿ ಸಂಸ್ಥೆ ಹನ್ನೆರಡೂ ತಿಂಗಳು ವರದಿ ಮಾಡಿದೆಯೇ ಎಂದೂ ನೋಡಿ. ಒಂಬತ್ತೇ ತಿಂಗಳು ಕಳಿಸಿದ ವರ್ಷವನ್ನು ಆಧಾರ ವರ್ಷ ಮಾಡಿದರೆ ಮುಂದಿನ ವರ್ಷ ಏರಿಕೆ ಗ್ಯಾರಂಟಿ. 2021ನ್ನು ಆಧಾರ ವರ್ಷ ಮಾಡಲೇಬೇಡಿ. ಆ ವರ್ಷ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ಊರುಗಳೇ ಹೊಸ ಪದ್ಧತಿಗೆ ಬಂದಿರಲಿಲ್ಲ.

ಕೊಲೆಯನ್ನು ಸಿಡಿಸಿಯ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ವಂಡರ್ ಎಂಬ ಸಾವಿನ ದಾಖಲೆಗಳ ಕಡತದ ಜೊತೆ ತಾಳೆ ಹಾಕಿ. ಮರಣಪತ್ರದ ಎಕ್ಸ್85ರಿಂದ ವೈ09 ಮತ್ತು ವೈ87.1 ಸಂಕೇತಗಳು ಅಲ್ಲಿ ಕೊಲೆ. ಎರಡು ಎಚ್ಚರಿಕೆ: ಅದು ಸತ್ತವರ ವಾಸಸ್ಥಳದ ಕೌಂಟಿಯನ್ನು ಎಣಿಸುತ್ತದೆ, ಘಟನೆ ನಡೆದ ಜಾಗವನ್ನಲ್ಲ. 10ಕ್ಕಿಂತ ಕಡಿಮೆಯಿದ್ದರೆ ಸಂಖ್ಯೆಯನ್ನೇ ಮುಚ್ಚಿಡುತ್ತದೆ, 20ಕ್ಕಿಂತ ಕಡಿಮೆಯಿದ್ದರೆ ದರವನ್ನು ‘ಅವಿಶ್ವಸನೀಯ’ ಎಂದು ಗುರುತಿಸುತ್ತದೆ. ನಿಮ್ಮ 12 ಮತ್ತು 18 ಎರಡೂ ಆ ಗುರುತಿನೊಳಗೇ ಬರುತ್ತವೆ.

ದೇಶದ ಗತಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. 2020ರಲ್ಲಿ ಅಮೆರಿಕದಾದ್ಯಂತ ಕೊಲೆ ಒಂದೇ ವರ್ಷದಲ್ಲಿ ಶೇ 30ರ ಹತ್ತಿರ ಏರಿತ್ತು. 2023ರಲ್ಲಿ ದೊಡ್ಡ ಇಳಿಕೆ, 2024ರಲ್ಲಿ ಮತ್ತೆ ಸುಮಾರು ಶೇ 15 ಇಳಿಕೆ. ಎಲ್ಲೆಡೆ ಏರಿದಾಗ ಏರಿದರೆ ಅದರ ಅರ್ಥ ಒಂದು, ಎಲ್ಲೆಡೆ ಇಳಿಯುವಾಗ ಒಬ್ಬರದೇ ಏರಿದರೆ ಇನ್ನೊಂದು.

ತಕ್ಕಡಿ

ಮಾದರಿಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ. 13ಬಿ 2,310ರಿಂದ 2,090ಕ್ಕೆ ಇಳಿದಿದೆ ಎನ್ನಿ. 13ಎ ಒಳಗೆ ಬಂದೂಕು 150ರಿಂದ 171, ಉಸಿರುಗಟ್ಟಿಸುವಿಕೆ 22ರಿಂದ 149. ಹದಿನೆಂಟು ಕೊಲೆಗಳಲ್ಲಿ 11 ಗುಂಡಿನವು, ಹೆಚ್ಚಾಗಿ ಎರಡು ಪಟ್ಟಣಗಳ ಯುವಕರ ನಡುವೆ. 5 ಮನೆಯೊಳಗೆ, ಗಂಡ ಅಥವಾ ಸಂಗಾತಿಯಿಂದ. 2 ಬೇರೆ.

ಕೂಡುಕಳೆ

ಹಾಗಾದರೆ ಒಟ್ಟು ಹಲ್ಲೆ 2,950ರಿಂದ 2,995. ಅದೇ ಸೂತ್ರದಲ್ಲಿ 0.6. ಏರಿಕೆ ಇಲ್ಲ ಎಂದೇ ಲೆಕ್ಕ. ಬಂದೂಕಿನ ಹಲ್ಲೆ 1.2, ಕಣ್ಣಿಟ್ಟಿರಬೇಕು, ಗಾಬರಿ ಬೇಡ. ಮಂಡಳಿಯ ಮುಂದಿರುವ ಶೇ 25ರ ಬಹುಪಾಲು ಖಾನೆ ಬದಲಾವಣೆ. ಆದರೆ ಆ 149 ಸುಳ್ಳಲ್ಲ. ಮೊದಲೂ ನಡೆಯುತ್ತಿತ್ತು, ಈಗ ಕಾಣುತ್ತಿದೆ. ಕೌಂಟಿಗೆ ಇರುವುದು ‘ಹಿಂಸಾ ಅಪರಾಧದ ಅಲೆ’ ಅಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಮಸ್ಯೆ. ಒಂದೇ ಮದ್ದು ಎರಡಕ್ಕೂ ಹತ್ತುವುದಿಲ್ಲ.

ನಾಲ್ಕುದಾರಿ

ಆ ಹನ್ನೊಂದು ಗುಂಡಿನ ಕೊಲೆಗಳ ಬಗ್ಗೆ ಹೇಳುತ್ತೇನೆ.

ಬೀದಿ ಗುಂಡಿನ ಹಿಂಸೆ ಬೆರಳೆಣಿಕೆಯ ಜನರ ಸುತ್ತ ಸುತ್ತುತ್ತದೆ. ಬೋಸ್ಟನ್‌ನಲ್ಲಿ ಆಪರೇಷನ್ ಸೀಸ್‌ಫೈರ್ ಎಂಬ ಗುಂಡಿನ ಹಿಂಸೆ ತಡೆಯುವ ಕಾರ್ಯಕ್ರಮ 1996ರಲ್ಲಿ ಶುರುವಾಗುವ ಮುನ್ನ ಮಾಡಿದ ವಿಶ್ಲೇಷಣೆಯಲ್ಲಿ ಸುಮಾರು 1,300 ಗ್ಯಾಂಗ್ ಸದಸ್ಯರು, ಅಂದರೆ ಆ ವಯೋಮಾನದವರಲ್ಲಿ ಶೇ 1ಕ್ಕೂ ಕಡಿಮೆ, ಯುವಕರ ಕೊಲೆಗಳಲ್ಲಿ ಶೇ 60ಕ್ಕಾದರೂ ಸಂಬಂಧಪಟ್ಟಿದ್ದರು. ನಂತರ ತಿಂಗಳ ಯುವಕೊಲೆ ಸರಾಸರಿ ಶೇ 63 ಇಳಿಯಿತು. ಈ 63ನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಅದು ಮೊದಲು-ಆಮೇಲೆ ಹೋಲಿಕೆಯ ಅಂಕಿ, ಇಡೀ ದೇಶದಲ್ಲೇ ಕೊಲೆ ಇಳಿಯುತ್ತಿದ್ದ ಕಾಲದ್ದು. ಓಕ್‌ಲ್ಯಾಂಡ್‌ನ 2012ರ ನಂತರದ ಇದೇ ಬಗೆಯ ಕಾರ್ಯಕ್ರಮವನ್ನು ಬೇರೆ ನಗರಗಳ ಜೊತೆ ಹೋಲಿಸಿ ಅಳೆದಾಗ ಸಿಕ್ಕಿದ್ದು ಗುಂಡಿನ ಕೊಲೆಯಲ್ಲಿ ಶೇ 31 ಇಳಿಕೆ. ನಿರೀಕ್ಷೆ ಇಟ್ಟುಕೊಳ್ಳುವುದಾದರೆ ಆ ಮಟ್ಟದ್ದನ್ನು ಇಟ್ಟುಕೊಳ್ಳಿ.

ಮಾಡುವ ಕ್ರಮ ಹೀಗೆ. ಕಳೆದ ಎರಡು-ಮೂರು ವರ್ಷದ ಪ್ರತಿ ಕೊಲೆ ಮತ್ತು ಪ್ರತಿ ಗುಂಡೇಟಿನ ಗಾಯದ ಪ್ರಕರಣವನ್ನು ಒಂದೊಂದಾಗಿ ಮೇಜಿನ ಮೇಲೆ ಹಾಕಬೇಕು. ಸುತ್ತ ಕೂರುವವರು ಶೆರಿಫ್, ಎರಡೂ ಪಟ್ಟಣದ ಪತ್ತೇದಾರರು, ಪ್ರಾಸಿಕ್ಯೂಟರ್, ಪ್ರೊಬೇಷನ್ ಅಧಿಕಾರಿ (ಜೈಲಿನ ಬದಲು ನಿಗಾದಲ್ಲಿ ಬಿಟ್ಟವರನ್ನು ನೋಡಿಕೊಳ್ಳುವವರು), ಜೈಲಿನ ಗುಪ್ತಮಾಹಿತಿ ನೋಡುವವರು. ಯಾರು ಯಾರ ಮೇಲೆ, ಯಾವ ಗುಂಪು, ಜಗಳ ಎಲ್ಲಿ ಹುಟ್ಟಿತು, ಸೇಡು ಬಾಕಿ ಇದೆಯೇ. ಇದರಿಂದ ಒಂದು ಪಟ್ಟಿ ಹೊರಡುತ್ತದೆ. ಆಮೇಲೆ ವಾರಕ್ಕೊಮ್ಮೆ ಇದೇ ಸಭೆ, ಆ ವಾರದ ಗುಂಡೇಟುಗಳ ಮೇಲೆ ಮಾತ್ರ. ಪಟ್ಟಿಯಲ್ಲಿರುವವರಿಗೆ ನೇರವಾಗಿ ಮೂರು ಮಾತು ಹೇಳುವುದು: ನೀವು ಬದುಕಿರಬೇಕು, ಸಹಾಯ ಇಂಥಲ್ಲಿದೆ, ಇನ್ನೊಂದು ಗುಂಡು ಹಾರಿದರೆ ಆ ಗುಂಪಿನ ಮೇಲೆ ಎಲ್ಲ ಸಂಸ್ಥೆಗಳೂ ಒಟ್ಟಿಗೆ ಬರುತ್ತವೆ. ದೊಡ್ಡ ಸಭೆ ಕರೆಯಬಹುದು. ಚಿಕ್ಕ ಕೌಂಟಿಯಲ್ಲಾದರೆ ಮನೆಗೇ ಹೋಗಿ ಹೇಳುವುದು ವೇಗ, ಅಗ್ಗ.

ಕೆಡುವುದು ಎಲ್ಲಿ? ಪಟ್ಟಿ ಉಬ್ಬುತ್ತದೆ. ಪ್ರತಿ ಸಂಸ್ಥೆಯೂ ತನಗೆ ತಲೆನೋವಾದವರನ್ನು ಸೇರಿಸಿ ಐವತ್ತು ಹೆಸರು ಐನೂರಾಗುತ್ತದೆ, ಆಗ ಯಾರ ಮೇಲೂ ಗಮನವಿಲ್ಲ. ಎರಡನೆಯದು, ‘ಸಹಾಯ’ ಎಂದು ಹೇಳಿದ ದಿನ ಕೆಲಸ ಕೊಡಿಸುವವರು, ತಾತ್ಕಾಲಿಕ ವಸತಿಗೆ ದುಡ್ಡು, ಇಪ್ಪತ್ನಾಲ್ಕು ಗಂಟೆಯೊಳಗೆ ಫೋನ್ ಎತ್ತುವ ಒಬ್ಬರು ಸಿದ್ಧವಿರುವುದಿಲ್ಲ. ಒಂದು ಸಲ ಮಾತು ತಪ್ಪಿದರೆ ಎರಡನೇ ಸಲ ಕೇಳುವವರಿಲ್ಲ. ಮೂರನೆಯದು, ಅಧಿಕಾರಿ ಬದಲಾಗಿ ವಾರದ ಸಭೆ ತಿಂಗಳಿಗೊಮ್ಮೆ ಆಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಬೋಸ್ಟನ್‌ನಲ್ಲೇ 2000ದ ಹೊತ್ತಿಗೆ ಕೈಬಿಟ್ಟರು, ಗುಂಡಿನ ಹಿಂಸೆ ಮತ್ತೆ ತಲೆ ಎತ್ತಿತು.

ಇದರ ಜೊತೆಗೇ ತನಿಖೆ. ಸಾಯದೆ ಉಳಿದವರ ಗುಂಡೇಟು ಪ್ರಕರಣವನ್ನು ಅನೇಕ ಕಡೆ ಅರೆಮನಸ್ಸಿನಿಂದ ನೋಡುತ್ತಾರೆ. ಬೋಸ್ಟನ್‌ನ ಒಂದು ಅಧ್ಯಯನದಲ್ಲಿ ಗುಂಡಿನ ಕೊಲೆಗಳಲ್ಲಿ ಶೇ 43 ಭೇದಿಸಲಾಗಿತ್ತು, ಸಾವಾಗದ ಗುಂಡೇಟುಗಳಲ್ಲಿ ಶೇ 19 ಮಾತ್ರ. ಮೊದಲೆರಡು ದಿನ ಎರಡರಲ್ಲೂ ಹೆಚ್ಚು ಅಂತರವಿಲ್ಲ. ಅಂತರ ಹುಟ್ಟುವುದು ಆಮೇಲೆ, ಕೊಲೆಯ ಕಡತ ತೆರೆದೇ ಇರುತ್ತದೆ, ಇನ್ನೊಂದು ಮುಚ್ಚಿಬಿಡುತ್ತದೆ. ಗುಂಡು ಯಾರಿಗೆ ಎಲ್ಲಿ ತಾಗಿತು ಎಂಬುದು ಅದೃಷ್ಟ. ಹೊಡೆದವನು ಅವನೇ, ನಾಳೆ ಹೊಡೆಯುವವನೂ ಅವನೇ ಇರಬಹುದು. ಹತ್ತು ಹುದ್ದೆ ಕೊಡಲೇಬೇಕೆಂದರೆ ಅದರಲ್ಲಿ ಮೂರು ಪತ್ತೇದಾರರಾಗಲಿ. ಖಾಲಿ ತೋಟಾಗಳ ಚಿತ್ರ ಎರಡು ಕೆಲಸದ ದಿನದೊಳಗೆ, ತೋಟಾ ಗುರುತುಗಳನ್ನು ದೇಶಮಟ್ಟದಲ್ಲಿ ಹೋಲಿಸುವ ಎನ್‌ಐಬಿಐಎನ್ ಜಾಲಕ್ಕೆ ಏರಬೇಕು. ತಿಂಗಳ ಮೇಲೆ ಬರುವ ‘ಇದೇ ಬಂದೂಕು’ ಎಂಬ ಸುಳಿವಿನಿಂದ ಮುಂದಿನ ಗುಂಡನ್ನು ತಡೆಯಲಾಗದು.

ಬಂದೂಕು ಕಾನೂನನ್ನೇ ಬಿಗಿ ಮಾಡೋಣ ಎಂದು ಮಂಡಳಿಯಲ್ಲಿ ಯಾರಾದರೂ ಎದ್ದರೆ: ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಆ ಅಧಿಕಾರ ಕೌಂಟಿಗೆ ಇಲ್ಲ. ಸಮಯ ಹಾಳು.

ಹೊಸ್ತಿಲು

ಮನೆಯೊಳಗಿನ ಐದು ಸಾವು ಮತ್ತು 149 ಉಸಿರುಗಟ್ಟಿಸುವಿಕೆಯನ್ನು ಒಟ್ಟಿಗೇ ಓದಬೇಕು. ಹಿಂದೆ ಕತ್ತು ಹಿಸುಕಿದ ಸಂಗಾತಿಯಿಂದ ಆಮೇಲೆ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗಿಂತ ಹೆಚ್ಚು ಎಂದು 2008ರ ಅಧ್ಯಯನ ಕಂಡುಕೊಂಡಿದೆ. ಹೊಡೆಯುವವನ ಕೈಗೆ ಬಂದೂಕು ಎಟುಕುವಂತಿದ್ದರೆ ಸುಮಾರು ಐದು ಪಟ್ಟು. ಅಂದರೆ ಆ 149 ಹೆಸರುಗಳೇ ಮುಂದಿನ ವರ್ಷದ ಅಪಾಯದ ಪಟ್ಟಿ. ಇಷ್ಟು ಮುಂಚಿತ ಸೂಚನೆ ಸಿಗುವುದು ಅಪರೂಪ.

ಮೇರಿಲ್ಯಾಂಡ್‌ನಲ್ಲಿ ರೂಪುಗೊಂಡ ಮಾರಣಾಂತಿಕತೆ ಅಂದಾಜು ಪದ್ಧತಿ ಇದಕ್ಕೆ ಹೊಂದುತ್ತದೆ. ಸ್ಥಳಕ್ಕೆ ಹೋದ ಡೆಪ್ಯುಟಿ ಹನ್ನೊಂದು ಪ್ರಶ್ನೆ ಕೇಳುತ್ತಾರೆ. ಮೊದಲ ಮೂರು: ನಿಮ್ಮ ಮೇಲೆ ಆಯುಧ ಬಳಸಿದ್ದಾನೆಯೇ ಅಥವಾ ತೋರಿಸಿ ಬೆದರಿಸಿದ್ದಾನೆಯೇ, ಕೊಲ್ಲುತ್ತೇನೆ ಎಂದಿದ್ದಾನೆಯೇ, ಕೊಲ್ಲಬಹುದು ಎಂದು ನಿಮಗನ್ನಿಸುತ್ತದೆಯೇ. ಇವುಗಳಲ್ಲಿ ಒಂದಕ್ಕೆ ಹೌದು ಬಂದರೂ, ಅಥವಾ ಉಳಿದ ಎಂಟರಲ್ಲಿ ನಾಲ್ಕಕ್ಕೆ ಹೌದು ಬಂದರೂ, ಡೆಪ್ಯುಟಿ ಅಲ್ಲಿಂದಲೇ ಸಹಾಯವಾಣಿಗೆ ಕರೆ ಮಾಡಿ ಫೋನನ್ನು ಆಕೆಯ ಕೈಗೆ ಕೊಡಬೇಕು. ಕಾರ್ಡು ಕೊಟ್ಟು ಬರುವುದು ಇದಲ್ಲ. ಜಾರಿಯಲ್ಲಿ ಸೋರಿಹೋಗುವುದು ಸರಿಯಾಗಿ ಇಲ್ಲೇ: ಪ್ರಶ್ನೆ ಕೇಳಿ ಫಾರ್ಮು ತುಂಬುತ್ತಾರೆ, ಕರೆ ಮಾಡುವುದಿಲ್ಲ. ತಿಂಗಳಿಗೊಮ್ಮೆ ತಾಳೆ ನೋಡಿ, ಎಷ್ಟು ಫಾರ್ಮು ಹೆಚ್ಚು ಅಪಾಯ ಎಂದವು, ಅದರಲ್ಲಿ ಎಷ್ಟಕ್ಕೆ ಕರೆ ಹೋಯಿತು. ಇನ್ನೊಂದು ತುದಿಯಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರ ಸಂಬಳವನ್ನು ಕೌಂಟಿ ಕೊಡದೆ ಈ ಪದ್ಧತಿ ತರುವುದರಲ್ಲಿ ಅರ್ಥವಿಲ್ಲ.

ಕತ್ತು ಹಿಸುಕಿದ ಪ್ರಕರಣಗಳಲ್ಲಿ ಹೊರಗೆ ಗಾಯದ ಗುರುತೇ ಇಲ್ಲದಿರಬಹುದು, ಅದಕ್ಕೇ ಪ್ರಕರಣ ಬಿದ್ದುಹೋಗುತ್ತದೆ. ಧ್ವನಿ ಒಡೆದಿದೆಯೇ, ನುಂಗಲು ಕಷ್ಟವೇ, ಕಣ್ಣಲ್ಲಿ ಕೆಂಪು ಚುಕ್ಕೆ ಇದೆಯೇ, ಪ್ರಜ್ಞೆ ತಪ್ಪಿತ್ತೇ, ಮೂತ್ರ ಹೋಗಿತ್ತೇ ಎಂದು ಕೇಳಿ ಬರೆದುಕೊಳ್ಳಬೇಕು, ವೈದ್ಯಕೀಯ ತಪಾಸಣೆಗೆ ಕಳಿಸಬೇಕು. ರಕ್ತನಾಳಕ್ಕೆ ಪೆಟ್ಟಾಗಿ ದಿನಗಳ ಮೇಲೆ ಪಾರ್ಶ್ವವಾಯು ಹೊಡೆಯುವುದುಂಟು.

ಬಂದೂಕಿನ ವಿಷಯದಲ್ಲಿ ಇಲ್ಲಿ ಮಾತ್ರ ಕೌಂಟಿಗೆ ಕೈ ಇದೆ. ಸಂಗಾತಿಯನ್ನು ಕಾಪಾಡಲು ನ್ಯಾಯಾಲಯ ಯಾರ ಮೇಲೆ ರಕ್ಷಣಾ ಆದೇಶ ಹೊರಡಿಸಿದೆಯೋ ಅವನು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬ ಫೆಡರಲ್ ಕಾನೂನನ್ನು ಸುಪ್ರೀಂ ಕೋರ್ಟು 2024ರ ರಹೀಮಿ ಪ್ರಕರಣದಲ್ಲಿ 8–1ರಿಂದ ಎತ್ತಿಹಿಡಿದಿದೆ. ಕಾನೂನಿದೆ, ವಶಕ್ಕೆ ಪಡೆಯುವ ವ್ಯವಸ್ಥೆ ಬಹಳ ಕಡೆ ಇಲ್ಲ. ಬೇಕಾದದ್ದು: ಆದೇಶ ಜಾರಿ ಮಾಡಲು ಹೋಗುವ ಡೆಪ್ಯುಟಿ ಅಲ್ಲೇ ಬಂದೂಕು ಕೇಳಬೇಕು, ಒಪ್ಪಿಸಿದ ರಸೀದಿ ನ್ಯಾಯಾಲಯಕ್ಕೆ ಬರಬೇಕು, ಬರದಿದ್ದರೆ ವಿಚಾರಣೆಗೆ ತಾರೀಖು ತಾನಾಗಿ ಬೀಳಬೇಕು, ಇಡಲು ಜಾಗವಿರಬೇಕು. ಜಾಗವಿಲ್ಲ ಎಂಬ ಕಾರಣಕ್ಕೇ ‘ನೆಂಟರ ಮನೆಯಲ್ಲಿಡಿ’ ಎಂದು ಬಿಟ್ಟುಬಿಡುತ್ತಾರೆ.

ಒಂದು ಮಾತನ್ನು ಮಂಡಳಿಗೆ ಮೊದಲೇ ಬರೆದುಕೊಡಿ: ಇದು ಚೆನ್ನಾಗಿ ನಡೆದರೆ ದಾಖಲಾಗುವ ತೀವ್ರ ಹಲ್ಲೆ ಇನ್ನೂ ಏರುತ್ತದೆ. ಹಿಂಸೆಗೊಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೊಲೀಸರ ಹತ್ತಿರ ಹೋಗುವುದೇ ಇಲ್ಲ ಎಂದು ರಾಷ್ಟ್ರೀಯ ಸಮೀಕ್ಷೆಗಳು ಹೇಳುತ್ತವೆ. ನಂಬಿಕೆ ಬಂದರೆ ಹೋಗುತ್ತಾರೆ.

ಖಜಾನೆ

ಹತ್ತು ಹುದ್ದೆಯ ಲೆಕ್ಕ ಯಾರೂ ಹಾಕಲಿಲ್ಲ. ವಾರಕ್ಕೆ 168 ಗಂಟೆ, ಒಬ್ಬರ ಕೆಲಸ 40 ಗಂಟೆ. ರಜೆ, ತರಬೇತಿ, ಕೋರ್ಟು ಸೇರಿಸಿದರೆ ಒಂದು ಗಸ್ತು ಕಾರು ಹಗಲುರಾತ್ರಿ ರಸ್ತೆಯಲ್ಲಿರಲು ಐದು ಜನ ಬೇಕು. ಹತ್ತು ಹುದ್ದೆ ಎಂದರೆ ಇಡೀ ಕೌಂಟಿಗೆ ಯಾವುದೇ ಕ್ಷಣದಲ್ಲಿ ಎರಡು ಕಾರು ಹೆಚ್ಚು. ಸುಮ್ಮನೆ ತಿರುಗಿಸಿದರೆ ಕಾಣಿಸುವುದೂ ಇಲ್ಲ.

ನಿಲ್ಲಿಸುವ ಜಾಗ ಸರಿಯಿದ್ದರೆ ಕೆಲಸಕ್ಕೆ ಬರುತ್ತದೆ. ಮಿನಿಯಾಪೊಲಿಸ್‌ನಲ್ಲಿ ಸುಮಾರು ಶೇ 3 ವಿಳಾಸಗಳಿಂದಲೇ ಪೊಲೀಸ್ ಕರೆಗಳ ಅರ್ಧ ಬರುತ್ತಿತ್ತು. ಅಂಥ ಜಾಗದಲ್ಲಿ 10ರಿಂದ 15 ನಿಮಿಷ ನಿಂತು ಹೊರಡುವುದು, ಅನಿಯಮಿತವಾಗಿ ಮತ್ತೆ ಬರುವುದು ಚೆನ್ನಾಗಿ ಫಲ ಕೊಡುತ್ತದೆ. ಅದಕ್ಕಿಂತ ಹೆಚ್ಚು ನಿಂತರೆ ಲಾಭ ಇಳಿಯುತ್ತದೆ. ನಕ್ಷೆ ಹಾಕುವ ಮುಂಚೆ ವಿಳಾಸ ಶುದ್ಧ ಮಾಡಿ. ಗಾಯಾಳು ಆಸ್ಪತ್ರೆಯಲ್ಲಿ ದೂರು ಕೊಟ್ಟರೆ ಘಟನಾಸ್ಥಳ ಎಂದು ಆಸ್ಪತ್ರೆಯ ವಿಳಾಸವೇ ಬೀಳುತ್ತದೆ, ಹಾಗಾಗಿ ಅದೆಷ್ಟೋ ನಕ್ಷೆಗಳಲ್ಲಿ ಕೌಂಟಿಯ ಅತಿ ಅಪಾಯದ ಜಾಗ ತುರ್ತು ಚಿಕಿತ್ಸಾ ಘಟಕ!

ಆಸ್ಪತ್ರೆಯ ಮಾತು ಬಂದದ್ದಕ್ಕೆ: ವೇಲ್ಸ್‌ನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಫರ್ಡ್ ಶುರುಮಾಡಿದ ಪದ್ಧತಿಯನ್ನು ಕೌಂಟಿ ಆರೋಗ್ಯ ಇಲಾಖೆ ಕಡಿಮೆ ಖರ್ಚಿನಲ್ಲಿ ತರಬಹುದು. ಹೆಸರಿಲ್ಲದೆ, ಎಲ್ಲಿ, ಯಾವಾಗ, ಯಾವ ಆಯುಧ, ಎಷ್ಟು ಜನ ಎಂದಷ್ಟೇ ತುರ್ತು ಘಟಕದಲ್ಲಿ ಕೇಳಿ ತಿಂಗಳಿಗೊಮ್ಮೆ ಹಂಚುವುದು. ಪೊಲೀಸರಿಗೆ ಗೊತ್ತೇ ಆಗದ ಜಾಗಗಳು ಅದರಲ್ಲಿ ಹೊರಬರುತ್ತವೆ. ಆದರೆ ಆಸ್ಪತ್ರೆಯ ಬಿಲ್ಲಿಂಗ್ ಸಂಕೇತವನ್ನು ನೆಚ್ಚಿಕೊಳ್ಳಬೇಡಿ. ಉದ್ದೇಶ ಬರೆಯದ ಗುಂಡೇಟು ಅಲ್ಲಿ ‘ಆಕಸ್ಮಿಕ’ ಎಂದು ದಾಖಲಾಗುತ್ತದೆ.

ದುಡ್ಡು. 2021ರ ಅಮೆರಿಕನ್ ರೆಸ್ಕ್ಯೂ ಪ್ಲಾನ್ (ಕೇಂದ್ರ ಸರ್ಕಾರದ ಕೋವಿಡ್ ಪರಿಹಾರ) ಹಣದ ಬಾಕಿ ಇದ್ದರೆ ಅದನ್ನು 2024ರ ಡಿಸೆಂಬರ್ 31ರೊಳಗೆ ಒಪ್ಪಂದಕ್ಕೆ ಕಟ್ಟಿರಬೇಕಿತ್ತು, ಖರ್ಚಿಗೆ 2026ರ ಡಿಸೆಂಬರ್ 31 ಕೊನೆ. ಒಂದು ಸಲ ಬರುವ ಹಣದಲ್ಲಿ ಕಾಯಂ ಹುದ್ದೆ ತುಂಬಿದವರು ಈಗ ಆ ಹುದ್ದೆ ಕತ್ತರಿಸುತ್ತಿದ್ದಾರೆ. ಸ್ಥಿರ ಮೂಲ ಬೇಕೆಂದರೆ ಮಿಸೌರಿಯ ಜ್ಯಾಕ್ಸನ್ ಕೌಂಟಿ ನೋಡಿ, 1989ರಲ್ಲಿ ಮಾದಕವಸ್ತು ತಡೆಗೆಂದು ಒಪ್ಪಿದ, ಡಾಲರಿಗೆ ಕಾಲು ಸೆಂಟಿನ ಮಾರಾಟ ತೆರಿಗೆ ಹಿಂಸೆ ತಡೆಗೂ ಬಳಕೆಯಾಗುತ್ತದೆ. ಪ್ರಾಸಿಕ್ಯೂಷನ್, ಚಿಕಿತ್ಸೆ, ತಡೆಗಟ್ಟುವಿಕೆ ಎಲ್ಲಕ್ಕೂ ಅದರಲ್ಲೇ ಪಾಲು.

ನನ್ನ ಹಂಚಿಕೆ: ಹತ್ತರ ಬದಲು ಮೂರು ಪತ್ತೇದಾರರು, ಒಬ್ಬ ವಿಶ್ಲೇಷಕ, ಸಹಾಯವಾಣಿಗೆ ರಾತ್ರಿಪಾಳಿ, ಬಂದೂಕು ವಶಕ್ಕೆ ಇಬ್ಬರು ಡೆಪ್ಯುಟಿ, ಮಿಕ್ಕಿದ್ದು ನಾಲ್ಕುದಾರಿ ಹೇಳಿದ ಸಹಾಯ ನಿಧಿಗೆ. ವಿಶ್ಲೇಷಕನ ಹುದ್ದೆಯನ್ನೇ ಮಂಡಳಿ ಮೊದಲು ಕತ್ತರಿಸುವುದು. ಅದನ್ನು ಬಿಟ್ಟುಕೊಡಬೇಡಿ, ಉಳಿದದ್ದೆಲ್ಲ ಅವರ ಪಟ್ಟಿಯ ಮೇಲೆ ನಿಂತಿದೆ.

ತಕ್ಕಡಿ

ಫಲ ಬಂತೋ ಇಲ್ಲವೋ ಎಂದು ಯಾವ ಅಂಕಿಯಿಂದ ನೋಡಬೇಕು? ಮುಂದಿನ ವರ್ಷ ಕೊಲೆ 13ಕ್ಕೆ ಇಳಿದರೆ ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತಾರೆ.

ಕೂಡುಕಳೆ

ಅದೇ ಆಗುತ್ತದೆ. ಕೆಟ್ಟ ವರ್ಷದ ಮರುವರ್ಷ ಏನೂ ಮಾಡದಿದ್ದರೂ ಸಂಖ್ಯೆ ಸರಾಸರಿಯ ಕಡೆ ಜಾರುತ್ತದೆ. 18ರಿಂದ 13 ಎಂದರೆ 5 ಭಾಗಿಸು √31, 0.9. ಅಷ್ಟೇ.

ಬೀದಿ ಹಿಂಸೆಗೆ ಕೊಲೆ ಬೇಡ, ಗುಂಡು ತಾಗಿದವರ ಒಟ್ಟು ಎಣಿಕೆ ಇಡಿ, ಸತ್ತವರು ಬದುಕಿದವರು ಇಬ್ಬರೂ. ಸಂಖ್ಯೆ ದೊಡ್ಡದು, ಖಾನೆ ಬದಲಾವಣೆಗೆ ಸಿಗುವುದಿಲ್ಲ. ಹನ್ನೆರಡು ತಿಂಗಳ ಚಲಿಸುವ ಮೊತ್ತವಾಗಿ ಬಿಡಿಸಿ, ಅದೇ ರಾಜ್ಯದ ಅದೇ ಗಾತ್ರದ ಮೂರ್ನಾಲ್ಕು ಕೌಂಟಿಗಳ ಗೆರೆಯನ್ನು ಪಕ್ಕದಲ್ಲಿ ಹಾಕಿ. ಆ ಕೌಂಟಿಗಳನ್ನು ಕೆಲಸ ಶುರುವಾಗುವ ಮುಂಚೆಯೇ ಆರಿಸಿ ಬರೆದಿಡಬೇಕು, ಆಮೇಲೆ ಆರಿಸಿದರೆ ಬೇಕಾದ್ದು ಸಿಗುತ್ತದೆ. ಮನೆಯೊಳಗಿನದಕ್ಕೆ ಅದೇ ವಿಳಾಸಕ್ಕೆ ಆರು ತಿಂಗಳೊಳಗೆ ಮರಳಿ ಹೋದ ಕರೆಗಳು, ಮತ್ತು ಹೆಚ್ಚು ಅಪಾಯದ ಆದೇಶಗಳಲ್ಲಿ ಬಂದೂಕಿನ ರಸೀದಿ ಬಂದ ಪಾಲು. ಬಂಧನಗಳ ಸಂಖ್ಯೆಯನ್ನು ವರದಿಯಲ್ಲಿ ಹಾಕಿ ಎಂದು ಶೆರಿಫ್ ಕಚೇರಿ ಕೇಳುತ್ತದೆ. ಹಾಕಿ, ಆದರೆ ಖರ್ಚಿನ ಪಟ್ಟಿಯಲ್ಲಿ.